ಮೊಲದ ಮರಿಗಳನ್ನು ಹೊಡೆಯಲು ಅನುಮತಿ ಕೋರಿದ ಮನವಿಗೆ ನಾನು ಸಹಿ ಹಾಕದ ಕಾರಣ

ಗೆ,
ಮುಖ್ಯ ವನ್ಯಜೀವಿ ಪರಿಪಾಲಕರು, ಕರ್ನಾಟಕ ಅರಣ್ಯ ಇಲಾಖೆ, ಬೆಂಗಳೂರು
ಹಾಗೂ
ಮಧುಗಿರಿ ತಾಲ್ಲೂಕಿನ ನಮ್ಮ ಹೋಬಳಿಯ ರೈತ ಬಾಂಧವರು

ಮಾನ್ಯರೇ,

ಮುಂಗಾರು ಬಿತ್ತನೆಗೆ ಇನ್ನೂ ಹದಿನೈದು ದಿನವಿರುವಾಗ ನಮ್ಮೂರಿನ ಹಾಲಿನ ಡೇರಿಯ ಜಗುಲಿಯ ಮೇಲೆ ಮೂವತ್ತು ಮಂದಿ ರೈತರು ಸೇರಿ, ತಮ್ಮ ಕಚೇರಿಗೆ ಕಳುಹಿಸಬೇಕೆಂದು ಒಂದು ಮನವಿಯನ್ನು ಸಿದ್ಧಪಡಿಸಿದರು. ಕಡಲೆಕಾಯಿ, ಅಲಸಂದೆ, ಹುರುಳಿಯ ಎಳೆಯ ಪೈರನ್ನು ಕಾಡುಮೊಲಗಳು ಮೇದು ಹಾಳು ಮಾಡುತ್ತಿರುವುದರಿಂದ, ಅವುಗಳನ್ನು ‘ಮರಿಗಳೂ ಸೇರಿದಂತೆ’ ಗುಂಡಿಟ್ಟು ಕೊಲ್ಲಲು ರೈತರಿಗೆ ಅನುಮತಿ ಕೊಡಬೇಕೆಂಬುದು ಅದರ ಸಾರಾಂಶ. ಕಾಗದ ನನ್ನ ಕೈಗೆ ಬರುವಷ್ಟರಲ್ಲಿ ಅದರ ಮೇಲೆ ಇಪ್ಪತ್ತಮೂರು ಸಹಿಗಳೂ ಎರಡು ಹೆಬ್ಬೆಟ್ಟಿನ ಗುರುತುಗಳೂ ಬಿದ್ದಿದ್ದವು. ನಾನು ಸಹಿ ಹಾಕದೆ ಅದನ್ನು ಪಕ್ಕದವರಿಗೆ ದಾಟಿಸಿದೆ. ಅಂದಿನಿಂದ ಕೆಲವರು ನನಗೆ ಮುಖ ಕೊಟ್ಟು ಮಾತನಾಡುತ್ತಿಲ್ಲ. ಇನ್ನು ಕೆಲವರು ‘ಮೊಲದ ಸ್ವಾಮಿಗಳು ಬಂದರು’ ಎಂದು ನಗುತ್ತಾರೆ. ಸಹಿ ಹಾಕದವನು ಕಾರಣ ಹೇಳಬೇಕಾದದ್ದು ನ್ಯಾಯ. ಅನುಮತಿ ಕೊಡುವ ಅಧಿಕಾರವಿರುವ ತಮಗೂ ಅದನ್ನು ಕೇಳಿದ ನನ್ನವರಿಗೂ ಒಟ್ಟಿಗೇ ಆ ಕಾರಣವನ್ನು ತಿಳಿಸಬೇಕೆಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಸಸ್ಯಾಹಾರಿಯಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ನಮ್ಮ ಮನೆಯಲ್ಲೂ ಬಾಡೂಟವಾಗುತ್ತದೆ. ಪ್ರಾಣಿಯನ್ನು ಕೊಲ್ಲುವುದೇ ತಪ್ಪೆಂದು ವಾದಿಸುವ ಯೋಗ್ಯತೆ ನನಗಿಲ್ಲ, ಇಷ್ಟವೂ ಇಲ್ಲ. ಮೊಲದ ಕಾಟ ಸುಳ್ಳೆಂದೂ ನಾನು ಹೇಳಲಾರೆ. ನನ್ನದು ಮೂರೂವರೆ ಎಕರೆ ಖುಷ್ಕಿ. ಅದರ ಪಡುವಣ ಬದುವು ಗೋಮಾಳದ ಕುರುಚಲಿಗೆ ತಾಗಿಕೊಂಡಿದೆ. ಕಳೆದ ವರ್ಷ ಕಡಲೆಕಾಯಿ ಮೊಳೆತು ನಾಲ್ಕೆಲೆ ಬಿಟ್ಟ ವಾರದಲ್ಲಿ ಆ ಬದುವಿನ ಪಕ್ಕದ ಸಾಲುಗಳ ಸಸಿಗಳನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ಮೊಲಗಳು ಕಡಿದು ಹಾಕಿದ್ದವು. ಸಾಲಿನ ನಡುವೆ ಉಂಡೆಯಾದ, ಒಣಗಿದ ಹಿಕ್ಕೆಗಳು ಬಿದ್ದಿದ್ದವು. ಎರಡನೆಯ ಸಲ ಬೀಜ ಊರಿದೆ. ಎರಡನೆಯ ಸಲ ಊರಿದ ಕಡಲೆಕಾಯಿ ಮೊದಲಿನದರ ಜೊತೆಗೆ ಬಲಿಯುವುದಿಲ್ಲ, ಕೀಳುವಾಗ ಅರ್ಧ ಜೊಳ್ಳು ಸಿಗುತ್ತದೆ ಎಂಬುದನ್ನು ಈ ಸೀಮೆಯ ಯಾವ ರೈತನಿಗೂ ನಾನು ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ನಾಲ್ಕು ಸಾಲಿನ ನಷ್ಟವೂ ಸಣ್ಣದಲ್ಲ. ಆದ್ದರಿಂದ ಆ ಕಾಗದಕ್ಕೆ ಸಹಿ ಹಾಕಿದ ಯಾರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ತಕರಾರು ಕಾಗದದ ಮೇಲೆ.

ಸಭೆಯಲ್ಲಿ ಹಿರಿಯರೊಬ್ಬರು ಕೊಟ್ಟ ಸಮರ್ಥನೆ ಹೀಗಿತ್ತು: ದೊಡ್ಡ ಮೊಲ ಬ್ಯಾಟರಿ ಬೆಳಕು ಕಂಡೊಡನೆ ಹಾರಿಹೋಗುತ್ತದೆ, ಗುರಿಗೆ ಸಿಗುವುದಿಲ್ಲ, ಮರಿ ಕೂತಲ್ಲೇ ಕೂತಿರುತ್ತದೆ, ಮರಿಗಳನ್ನು ಹೊಡೆದುಬಿಟ್ಟರೆ ಮುಂದಿನ ಸಂತತಿ ನಿಲ್ಲುತ್ತದೆ, ಎರಡು ವರ್ಷದಲ್ಲಿ ಕಾಟ ತಾನಾಗಿ ಮುಗಿಯುತ್ತದೆ. ಕೇಳುವುದಕ್ಕೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ. ಒಂದು ಪ್ರಾಣಿಶಾಸ್ತ್ರದ್ದು, ಇನ್ನೊಂದು ನಮ್ಮ ಮನಸ್ಸಾಕ್ಷಿಯದ್ದು. ಅವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ತೋರಿಸುವುದೇ ನನ್ನ ಉದ್ದೇಶ.

ಗೊಂದಲ ಒಂದು ಪದದಿಂದಲೇ ಆರಂಭವಾಗುತ್ತದೆ. ಕನ್ನಡದಲ್ಲಿ ನಾವು ಎರಡು ಬೇರೆ ಬೇರೆ ಪ್ರಾಣಿಗಳಿಗೆ ‘ಮೊಲ’ ಎಂಬ ಒಂದೇ ಹೆಸರನ್ನು ಬಳಸುತ್ತೇವೆ. ಪಂಜರದಲ್ಲಿ ಸಾಕುವ ಬಿಳಿ ಮೊಲ ಯುರೋಪಿನ ಬಿಲವಾಸಿ ಮೊಲದ ವಂಶದ್ದು. ಅದು ನೆಲದೊಳಗೆ ಸುರಂಗ ತೋಡಿ ಗುಂಪಾಗಿ ಬದುಕುತ್ತದೆ, ಸುಮಾರು 30 ದಿನ ಗರ್ಭ ಧರಿಸಿ ಕಣ್ಣು ತೆರೆಯದ, ಮೈಮೇಲೆ ಕೂದಲಿಲ್ಲದ ಮರಿಗಳನ್ನು ಬಿಲದೊಳಗೆ ಹಾಕುತ್ತದೆ. ನಮ್ಮ ಗೋಮಾಳದ ಮೊಲವೇ ಬೇರೆ. ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಈ ಮೊಲ ಬಿಲ ತೋಡುವುದೇ ಇಲ್ಲ. ಹುಲ್ಲಿನ ನಡುವೆ ಮೈಯೊತ್ತಿ ಮಾಡಿಕೊಂಡ ತಗ್ಗೇ ಅದರ ಮನೆ. ಒಂದು ಸೂಲಿಗೆ ಒಂದರಿಂದ ನಾಲ್ಕು ಮರಿ ಹಾಕುತ್ತದೆ. ಆ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈತುಂಬ ಕೂದಲಿರುತ್ತದೆ. ಬಿಲದ ರಕ್ಷಣೆ ಇಲ್ಲದ ಈ ಮರಿಗೆ ಇರುವ ಏಕೈಕ ರಕ್ಷಣೆ ಅಲುಗಾಡದೆ ಬಿದ್ದುಕೊಳ್ಳುವುದು. ನರಿ ಪಕ್ಕದಲ್ಲೇ ಹಾದುಹೋದರೂ, ಹದ್ದಿನ ನೆರಳು ಮೇಲೆ ಬಿದ್ದರೂ ಅದು ಕದಲದು. ಹಿರಿಯರು ‘ಕೂತಲ್ಲೇ ಕೂತಿರುತ್ತದೆ’ ಎಂದದ್ದು ಈ ಸ್ವಭಾವವನ್ನೇ. ಸಾವಿರಾರು ವರ್ಷಗಳಿಂದ ಅದನ್ನು ಉಳಿಸಿದ ಉಪಾಯ ಹಣೆಗೆ ಕಟ್ಟಿಕೊಂಡ ಹೆಡ್‌ಲೈಟಿನ ಮುಂದೆ ಅದನ್ನು ಕೊಲ್ಲುತ್ತದೆ.

ನಮ್ಮ ಹುಡುಗರ ಮೊಬೈಲಿನಲ್ಲಿ ಓಡಾಡುವ ದೃಶ್ಯಗಳಲ್ಲಿ ಆಸ್ಟ್ರೇಲಿಯಾದವರೂ ಇಂಗ್ಲೆಂಡಿನವರೂ ಹೊಡೆಯುವುದು ಆ ಬಿಲವಾಸಿ ಮೊಲವನ್ನು. ‘ಅವರೇ ಹೊಡೆಯುತ್ತಾರೆ, ನಾವು ಹೊಡೆದರೆ ಏನು?’ ಎಂದು ಸಭೆಯಲ್ಲಿ ಒಬ್ಬ ತಮ್ಮ ಕೇಳಿದ. ಆಸ್ಟ್ರೇಲಿಯಾದಲ್ಲಿ ಆ ಮೊಲ ಸ್ಥಳೀಯ ಪ್ರಾಣಿಯೇ ಅಲ್ಲ. 1859ರಲ್ಲಿ ವಿಕ್ಟೋರಿಯಾ ಪ್ರಾಂತದ ಜಮೀನ್ದಾರ ಥಾಮಸ್ ಆಸ್ಟಿನ್ ಶಿಕಾರಿಯ ಮೋಜಿಗಾಗಿ ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲಗಳನ್ನು ತರಿಸಿ ತನ್ನ ಜಮೀನಿನಲ್ಲಿ ಬಿಟ್ಟ. ಅವು ಅರ್ಧ ಖಂಡವನ್ನೇ ಮೇಯುವಷ್ಟಾದವು. (ಹೊಡೆಯುವ ಮೋಜಿಗಾಗಿ ತಂದದ್ದನ್ನು ಹೊಡೆದು ಮುಗಿಸಲಾಗದೆ ಒಂದು ದೇಶ ಶತಮಾನಕ್ಕೂ ಮಿಕ್ಕಿ ಒದ್ದಾಡಿತೆಂಬುದನ್ನು ನಮ್ಮ ತಮ್ಮನ ಮೊಬೈಲು ತೋರಿಸಿರಲಿಕ್ಕಿಲ್ಲ.) ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅವುಗಳನ್ನು ತಡೆಯಲು 1907ರ ವೇಳೆಗೆ 1,800 ಕಿ.ಮೀ.ಗೂ ಉದ್ದದ ಬೇಲಿ ಹಾಕಿದರು. ಬೇಲಿ ಮುಗಿಯುವ ಮೊದಲೇ ಮೊಲಗಳು ಅದನ್ನು ದಾಟಿದ್ದವು. 1950ರಲ್ಲಿ ಮಿಕ್ಸೊಮಾ ಎಂಬ ವೈರಾಣುವನ್ನು ಹರಡಿದಾಗ ಮೊದಮೊದಲು ಬಹುಪಾಲು ಮೊಲಗಳು ಸತ್ತವು, ಬದುಕುಳಿದವುಗಳ ಸಂತತಿ ರೋಗವನ್ನು ತಾಳಿಕೊಳ್ಳಲು ಕಲಿತಿತು. ಇಷ್ಟೆಲ್ಲ ಆದ ಮೇಲೆ ಅಲ್ಲಿಯ ತಜ್ಞರು ಕೋವಿಯ ಬಗ್ಗೆ ಹೇಳುವುದೇನೆಂದರೆ, ವಿಶಾಲ ಪ್ರದೇಶದಲ್ಲಿ ಮೊಲದ ಸಂಖ್ಯೆ ಇಳಿಸಲು ಗುಂಡಿನಿಂದ ಆಗುವ ಪ್ರಯೋಜನ ಅತ್ಯಲ್ಪ, ಬಿಲಗಳನ್ನು ನಾಶ ಮಾಡುವುದೇ ಮುಖ್ಯ ಎಂದು. ನಮ್ಮ ಮೊಲಕ್ಕೆ ನಾಶ ಮಾಡಲು ಬಿಲವೇ ಇಲ್ಲ. ಪಾಪ, ಅದು ಎಲ್ಲಿಂದಲೋ ಬಂದದ್ದೂ ಅಲ್ಲ. ನಮ್ಮ ಹೊಲಕ್ಕೆ ಪಹಣಿ ಹುಟ್ಟುವುದಕ್ಕೂ ಮುಂಚಿನಿಂದ ಈ ಕುರುಚಲಿನಲ್ಲಿದೆ.

ಇಂಗ್ಲೆಂಡಿನ ಉದಾಹರಣೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಅಲ್ಲಿ 1954ರ ಪೀಡೆಗಳ ಕಾಯಿದೆಯ ಪ್ರಕಾರ ತನ್ನ ಜಮೀನಿನ ಬಿಲವಾಸಿ ಮೊಲಗಳನ್ನು ಹತೋಟಿಯಲ್ಲಿಡುವುದು ಜಮೀನುದಾರನ ಹೊಣೆ. ಹಾಗಿದ್ದರೂ ಅಲ್ಲಿಯ ಕೃಷಿ ಸಲಹೆಗಾರರು ಆ ಕೆಲಸಕ್ಕೆ ಚಳಿಗಾಲವನ್ನು ಸೂಚಿಸುತ್ತಾರೆ, ಎಂದರೆ ಮೊಲಗಳು ಮರಿ ಹಾಕುವ ಕಾಲ ಶುರುವಾಗುವುದಕ್ಕೆ ಮುಂಚೆ. ಕಾರಣ ಸರಳವಾಗಿದೆ. ಹುಟ್ಟಿದ ಮರಿಗಳಲ್ಲಿ ಬಹುಪಾಲು ವರ್ಷ ತುಂಬುವುದರೊಳಗೆ ನರಿಗೋ ಗೂಬೆಗೋ ಚಳಿಗೋ ರೋಗಕ್ಕೋ ಹೇಗೂ ಸಾಯುತ್ತವೆ. ಬೇಸಿಗೆಯಲ್ಲಿ ಹತ್ತು ಮರಿಗಳನ್ನು ಹೊಡೆದವನು ನರಿಯ ಪಾಲಿನದನ್ನು ತಾನು ತೆಗೆದುಕೊಂಡನೇ ಹೊರತು ಮುಂದಿನ ವರ್ಷ ಮರಿ ಹಾಕಲಿರುವ ಮೊಲಗಳ ಸಂಖ್ಯೆಯನ್ನು ಹೆಚ್ಚೇನೂ ಇಳಿಸಲಿಲ್ಲ. ಉಳಿದ ಮರಿಗಳಿಗೆ ಮೇವು ಹೆಚ್ಚಾಯಿತು, ಅಷ್ಟೆ. ಸಂತತಿ ನಿಲ್ಲಬೇಕಾದರೆ ಬಲಿತ ಹೆಣ್ಣು ಮೊಲ ಸಾಯಬೇಕು. ‘ಮರಿ ಹೊಡೆದರೆ ಸಂತತಿ ನಿಲ್ಲುತ್ತದೆ’ ಎಂಬ ನಮ್ಮ ಹಿರಿಯರ ಲೆಕ್ಕ ತಪ್ಪುವುದು ಇಲ್ಲಿ.

ಹಾಗಾದರೆ ಮರಿಗಳನ್ನು ಬಿಟ್ಟು ದೊಡ್ಡವನ್ನೇ ಹೊಡೆಯೋಣ ಎಂದು ಯಾರಾದರೂ ಹೇಳಬಹುದು; ಮನವಿಯಿಂದ ಆ ಎರಡು ಪದಗಳನ್ನು ತೆಗೆದುಹಾಕಿದರೆ ನಾನು ಸಹಿ ಹಾಕುವೆನೇ ಎಂದು ಒಬ್ಬರು ನನ್ನನ್ನು ಕೇಳಿದರು ಕೂಡ. ಹಾಕುವುದಿಲ್ಲ. ಅದಕ್ಕೆ ಕಾರಣ ಹೇಳಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನನಗಾಗ ಹದಿನೇಳು ವರ್ಷ. ನಮ್ಮ ಸೋದರಮಾವನ ಬಳಿ ಒಂದು ಒಂಟಿ ನಳಿಕೆಯ ನಾಡಬಂದೂಕು ಇತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲೇ ಬಂದಿತ್ತು, ನಾವು ಮಾಡುತ್ತಿದ್ದುದು ಆಗಲೂ ಅಪರಾಧವೇ. ಗೊತ್ತಿರಲಿಲ್ಲವೆಂಬುದು ಬರೀ ನೆಪ. ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ್ದ ಒಂದು ರಾತ್ರಿ ಮಾವ ಕೆರೆಯಂಗಳದಲ್ಲಿ ಒಂದು ಮೊಲವನ್ನು ಹೊಡೆದರು. ಎರಡೂವರೆ ಕಿಲೋ ತೂಗುವ ಒಳ್ಳೆಯ ಮೊಲ. ಮನೆಗೆ ತಂದು ಹಿತ್ತಿಲಿನಲ್ಲಿ ಲಾಂದ್ರದ ಬೆಳಕಿನಲ್ಲಿ ಚರ್ಮ ಸುಲಿಯಲು ಕೂತಾಗ ಮಾವನ ಕೈಗೆ ಬೆಳ್ಳಗೆ ಏನೋ ಅಂಟಿತು. ಅಜ್ಜಿ ಬಗ್ಗಿ ನೋಡಿದವರು ‘ಹಾಲು ಕಣೋ’ ಎಂದರು. ಮಸಾಲೆ ಅರೆಯಲು ಇಟ್ಟಿದ್ದ ಕೊಬ್ಬರಿ, ಗಸಗಸೆಯನ್ನು ಎತ್ತಿಟ್ಟುಬಿಟ್ಟರು. ಬೈಯಲಿಲ್ಲ, ಶಾಪ ಹಾಕಲಿಲ್ಲ. ‘ಇದರ ಕೂಸುಗಳು ಎಲ್ಲಿವೆಯೋ ನೋಡಿಕೊಂಡು ಬಾ’ ಎಂದು ನನ್ನನ್ನು ಕಳುಹಿಸಿದರು. ಆ ರಾತ್ರಿಯೂ ಮಾರನೆಯ ಬೆಳಗ್ಗೆಯೂ ನಾನು ಕೆರೆಯಂಗಳದ ಹುಲ್ಲನ್ನು ಕೈಯಿಂದ ಸರಿಸಿ ಸರಿಸಿ ಹುಡುಕಿದೆ. ಒಂದೂ ಸಿಗಲಿಲ್ಲ. ಸಿಗುವುದಿಲ್ಲವೆಂದು ಈಗ ಗೊತ್ತು: ಯಾರ ಕಣ್ಣಿಗೂ ಬೀಳದಂತೆ ಬಿದ್ದುಕೊಂಡಿರುವುದೇ ಅವುಗಳ ಬದುಕು. ಯುರೋಪಿನ ಕಂದು ಮೊಲವೂ ನಮ್ಮ ಮೊಲದಂತೆ ಬಿಲವಿಲ್ಲದ್ದು. ಅದರ ಮೇಲೆ ನಡೆದ ಅಧ್ಯಯನಗಳ ಪ್ರಕಾರ ತಾಯಿ ದಿನಕ್ಕೆ ಒಂದೇ ಸಲ, ಹೊತ್ತು ಮುಳುಗಿದ ಮೇಲೆ ಬಂದು, ಕೆಲವೇ ನಿಮಿಷ ಹಾಲೂಡಿಸಿ ಹೊರಟುಹೋಗುತ್ತದೆ; ಉಳಿದ ಹೊತ್ತೆಲ್ಲ ಮರಿಗಳ ವಾಸನೆ ತನ್ನಿಂದ ಶತ್ರುವಿಗೆ ತಿಳಿಯಬಾರದೆಂಬಂತೆ ದೂರವೇ ಇರುತ್ತದೆ. ನಾವು ಹೊಡೆದದ್ದು ಹೊತ್ತು ಮುಳುಗಿ ಒಂದು ಗಂಟೆಯ ಮೇಲೆ. ಅದು ಹಾಲೂಡಿಸಿ ಬಂದದ್ದೋ ಊಡಿಸಲು ಹೊರಟದ್ದೋ ನಾನರಿಯೆ, ಮೊಲೆಯಲ್ಲಿ ಹಾಲಿತ್ತು.

ಆ ಮಾಂಸವನ್ನು ಮಾವ ಬೇರೆ ಮನೆಗೆ ಕೊಟ್ಟರು. ಶಿಕಾರಿಯನ್ನು ಅವರು ಆಮೇಲೂ ಬಿಡಲಿಲ್ಲ ಎಂಬುದನ್ನೂ ಹೇಳಬೇಕು, ಬಿಟ್ಟವನು ನಾನೊಬ್ಬನೇ.

ಮರಿಯನ್ನು ಕಂಡು ಗುಂಡು ಹಾರಿಸದೆ ಬಿಟ್ಟೆ, ತಾಯಿಯನ್ನಷ್ಟೇ ಹೊಡೆದೆ ಎನ್ನುವ ಬೇಟೆಗಾರನಿಗೆ ತಾನು ದಯಾಳುವೆಂಬ ಸಮಾಧಾನವಿರುತ್ತದೆ. ವಾಸ್ತವದಲ್ಲಿ ಅವನು ಒಂದು ಗುಂಡಿನಲ್ಲಿ ಎರಡೋ ಮೂರೋ ಮರಿಗಳನ್ನೂ ಕೊಂದಿರುತ್ತಾನೆ. ಆ ಸಾವು ಎರಡು ಮೂರು ದಿನ ಹಿಡಿಯುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ತಲೆಗೆ ಸರಿಯಾಗಿ ಬಿದ್ದ ಗುಂಡಿಗೆ ಸತ್ತ ಮರಿಯೇ ಇದಕ್ಕಿಂತ ಪುಣ್ಯವಂತ ಎನ್ನಬೇಕಾದೀತು. ಇಂಗ್ಲೆಂಡಿನವರಿಗೆ ಚಳಿಗಾಲದ ಕೆಲವು ತಿಂಗಳಾದರೂ ಹಾಲೂಡುವ ತಾಯಿಗಳು ವಿರಳವಾಗಿರುವ ಒಂದು ಅವಧಿಯಿದೆ. ಅಲ್ಲಿ ಪರಿಣಾಮಕಾರಿಯಾದ ಕಾಲವೂ ಕ್ರೌರ್ಯ ಕಡಿಮೆಯಿರುವ ಕಾಲವೂ ಸುಮಾರಾಗಿ ಒಂದೇ. ನಮ್ಮ ಮೊಲ ವರ್ಷದ ಎಲ್ಲ ಕಾಲದಲ್ಲೂ ಮರಿ ಹಾಕಬಲ್ಲದು, ಮಳೆ ಬಿದ್ದು ಹಸಿರು ಮೇವಿದ್ದಾಗ ಹೆಚ್ಚು. ನಾವು ಬಿತ್ತುವುದೂ ಆಗಲೇ. ಎಳೆಯ ಪೈರನ್ನು ಉಳಿಸಲು ತಾವು ಕೊಡುವ ಅನುಮತಿ ಬಳಕೆಯಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ; ಮೊಲೆಯಲ್ಲಿ ಹಾಲಿರುವ ಮೊಲ ಗುರಿಗೆ ಸಿಗುವ ಸಂಭವ ಅತಿ ಹೆಚ್ಚಿರುವುದೂ ಅದೇ ತಿಂಗಳುಗಳಲ್ಲಿ. ಮರಿಯನ್ನು ಹೊಡೆದರೆ ಬೆಳೆ ಉಳಿಯುವುದಿಲ್ಲ. ತಾಯಿಯನ್ನು ಹೊಡೆದರೆ ಮರಿ ಉಪವಾಸ ಸಾಯುತ್ತದೆ. ರಾತ್ರಿ ಐವತ್ತು ಗಜದಾಚೆ ಹೊಳೆಯುವ ಎರಡು ಕಣ್ಣು ಗಂಡಿನದೋ ಹೆಣ್ಣಿನದೋ ಎಂದು ಹೇಳಬಲ್ಲವನು ನಮ್ಮ ಹೋಬಳಿಯಲ್ಲಂತೂ ಇಲ್ಲ.

ಈ ಕಷ್ಟವನ್ನು ಎದುರಿಸಿ ನೋಡಿದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಕಾಂಗರೂಗಳನ್ನು ಹೊಡೆಯುವವರಿಗೆಂದು ಮಾಡಿರುವ ನಿಯಮಾವಳಿಯಲ್ಲಿ, ಹೆಣ್ಣನ್ನು ಹೊಡೆದವನು ಅದರ ಚೀಲವನ್ನು ಪರೀಕ್ಷಿಸಿ, ಅವಲಂಬಿತ ಮರಿ ಇದ್ದರೆ ಅದನ್ನು ನರಳದಂತೆ ಕೊಲ್ಲಬೇಕು ಎಂಬ ವಿಧಿ ಇದೆ. ಓದಿದಾಗ ನನಗೆ ಹೊಟ್ಟೆ ತೊಳಸಿತು. ಆದರೂ ಆ ವಿಧಿಯನ್ನು ನಾನು ಪ್ರಾಮಾಣಿಕವೆಂದೇ ಕರೆಯುತ್ತೇನೆ. ತಾಯಿಯನ್ನು ಕೊಂದರೆ ಮರಿಯ ಸಾವೂ ತನ್ನ ಲೆಕ್ಕಕ್ಕೇ ಸೇರುತ್ತದೆಂದು ಅದು ಹೊಡೆದವನಿಂದ ಒಪ್ಪಿಸುತ್ತದೆ. ಕಾಂಗರೂವಿನ ಮರಿ ಚೀಲದಲ್ಲಿ ಸಿಗುತ್ತದೆ. ನಮ್ಮ ಮೊಲದ ಮರಿ ಎಲ್ಲಿ ಸಿಗುತ್ತದೆ? ಹದಿನೇಳರ ವಯಸ್ಸಿನಲ್ಲಿ ನಾನು ಹುಡುಕಿದ್ದೇನೆ. ಇಂಗ್ಲೆಂಡಿನಲ್ಲಿಯೂ ಬಿಲವಿಲ್ಲದ ಮೊಲಕ್ಕೆ ಬೇರೆಯೇ ಕಾನೂನಿದೆ: 1892ರ ಕಾಯಿದೆಯೊಂದು ಮಾರ್ಚಿನಿಂದ ಜುಲೈವರೆಗೆ ಅದನ್ನೂ ಅದರ ಮರಿಯನ್ನೂ ಮಾರುವುದನ್ನು ನಿಷೇಧಿಸಿದೆ. ನೂರಮೂವತ್ತು ವರ್ಷಗಳ ಹಿಂದೆಯೇ, ಶಿಕಾರಿಯನ್ನು ದೊಡ್ಡಸ್ತಿಕೆಯ ಆಟವೆಂದು ತಿಳಿದಿದ್ದ ಜನರಿಗೂ ಮರಿಯ ಕಾಲವೆಂಬುದೊಂದು ಲೆಕ್ಕಕ್ಕೆ ಬಂದಿತ್ತು.

ಇನ್ನು ಕಾನೂನಿನ ಮಾತು. ತಮಗೆ ತಿಳಿದದ್ದೇ, ನನ್ನ ರೈತ ಬಾಂಧವರಿಗಾಗಿ ಬರೆಯುತ್ತಿದ್ದೇನೆ. ಕಾಡುಮೊಲ 1972ರ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಆ ಕಾಯಿದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಬಲೆಗೆ ಅಟ್ಟುವುದು ಎಲ್ಲವೂ ಅದರಲ್ಲಿ ಸೇರಿವೆ. ಕಳೆ ತೆಗೆಯುವಾಗ ಸಿಕ್ಕ ಮರಿಯನ್ನು ಅನಾಥವೆಂದು ಭಾವಿಸಿ ಸೆರಗಿನಲ್ಲಿ ಕಟ್ಟಿಕೊಂಡು ತಂದು ಹಸುವಿನ ಹಾಲು ಕುಡಿಸುವುದೂ ಒಳ್ಳೆಯದಲ್ಲ. ಅದು ಅನಾಥವಲ್ಲ, ಸಂಜೆ ತಾಯಿ ಬರುತ್ತದೆ. ಹಾಗೆ ತಂದವುಗಳಲ್ಲಿ ವಾರ ಬದುಕಿದ್ದನ್ನು ನಾನು ನೋಡಿಲ್ಲ. ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಏರ್‌ಗನ್ನಿಗೆ ಲೈಸೆನ್ಸ್ ಬೇಡವೆಂದು ಅಂಗಡಿಯವನು ಹೇಳಿದ್ದು ಕೊಳ್ಳುವ ಮಾತಿಗೆ. ಅದರಿಂದ ಮೊಲ ಹೊಡೆಯಬಹುದೆಂದು ಅವನೂ ಹೇಳಿರಲಾರ. ಏರ್‌ಗನ್ನಿನ ಸಣ್ಣ ಗುಂಡಿಗೆ ಬಲಿತ ಮೊಲ ಬೀಳುವುದು ಅಪರೂಪ. ಹೊಟ್ಟೆಗೋ ತೊಡೆಗೋ ಪೆಟ್ಟು ತಿಂದು ಕುಂಟಿಕೊಂಡು ಪೊದೆ ಸೇರುತ್ತದೆ. ಮರಿ ಬೀಳುತ್ತದೆ. ‘ಮರಿಗಳೂ ಸೇರಿದಂತೆ’ ಎಂಬ ಮಾತು ಮನವಿಯೊಳಗೆ ಹೇಗೆ ನುಸುಳಿತೆಂದು ಯೋಚಿಸಿದಾಗ ನನಗೆ ನೆನಪಾದದ್ದು ಕಳೆದ ಎರಡು ವರ್ಷಗಳಲ್ಲಿ ನಮ್ಮ ಸುತ್ತಲಿನ ಊರುಗಳಿಗೆ ಬಂದ ಏರ್‌ಗನ್ನುಗಳು.

ಪ್ರಾಣಿಯೊಂದನ್ನು ಪೀಡೆಯೆಂದು ಘೋಷಿಸುವ ಅಧಿಕಾರ ಕಾಯಿದೆಯ 62ನೆಯ ಕಲಮಿನಡಿ ಕೇಂದ್ರ ಸರ್ಕಾರದ್ದು. 2015-16ರಲ್ಲಿ ಬಿಹಾರದಲ್ಲಿ ನೀಲ್‌ಗಾಯ್ ಮತ್ತು ಕಾಡುಹಂದಿಯನ್ನು, ಉತ್ತರಾಖಂಡದಲ್ಲಿ ಕಾಡುಹಂದಿಯನ್ನು, ಹಿಮಾಚಲದಲ್ಲಿ ಕೋತಿಯನ್ನು ನಿರ್ದಿಷ್ಟ ಪ್ರದೇಶಕ್ಕೂ ಅವಧಿಗೂ ಹಾಗೆ ಘೋಷಿಸಿದ್ದುಂಟು. ಮೊಲದ ಹೆಸರು ಅವುಗಳಲ್ಲಿ ಇರಲಿಲ್ಲ. ತಮ್ಮ ಕೈಯಲ್ಲಿರುವುದು 11ನೆಯ ಕಲಮು: ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯವಾಗಿದೆಯೆಂದು ಮನದಟ್ಟಾದರೆ, ಕಾರಣಗಳನ್ನು ನಮೂದಿಸಿ ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ಕೊಡಬಹುದು. ‘ಕಾರಣಗಳನ್ನು ನಮೂದಿಸಿ’ ಎಂಬ ಮಾತಿನ ಮೇಲೆ ನನ್ನ ಭರವಸೆಯೆಲ್ಲ ನಿಂತಿದೆ. ಮರಿಯನ್ನು ಹೊಡೆದರೆ ಯಾವ ಸಾಲಿನ ಯಾವ ಸಸಿ ಉಳಿಯುತ್ತದೆ ಎಂಬುದನ್ನು ಆ ಆದೇಶದಲ್ಲಿ ಬರೆಯಲು ಸಾಧ್ಯವಾಗದಿದ್ದರೆ, ಅಂಥ ಆದೇಶಕ್ಕೆ ತಾವು ಸಹಿ ಹಾಕಬಾರದೆಂದು ನನ್ನ ವಿನಂತಿ.

ಸಭೆಯಲ್ಲಿ ನನಗೆ ಎದುರಾದ ಅತ್ಯಂತ ಗಟ್ಟಿಯಾದ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ‘ಇಲಿಗೆ ಪಾಷಾಣ ಇಡುತ್ತೀಯಲ್ಲ, ಅದಕ್ಕೆ ಮರಿಗಳಿಲ್ಲವೇ? ಹುಳಕ್ಕೆ ಔಷಧಿ ಹೊಡೆಯುತ್ತೀಯಲ್ಲ?’ ಎಂದು ನನ್ನ ಷಡ್ಡಕರೇ ಕೇಳಿದರು. ಹೌದು, ಇಡುತ್ತೇನೆ. ಇಲಿಯ ಬಿಲದೊಳಗೂ ಕಣ್ಣು ಬಿಡದ ಮರಿಗಳು ಸಾಯುತ್ತವೆ. ಮೊಲದ ಕಣ್ಣು ದೊಡ್ಡದು, ಕಿವಿ ಉದ್ದ, ನೋಡಲು ಮುದ್ದು ಎಂಬ ಕಾರಣಕ್ಕೆ ನಾನು ಅದರ ಪರ ವಹಿಸುತ್ತಿದ್ದರೆ ಅದು ಭೇದಭಾವವೇ ಸರಿ. ನಾನು ಕೊಡಬಲ್ಲ ಉತ್ತರ ಇಷ್ಟೆ: ಕಣಜಕ್ಕೆ ನುಗ್ಗುವ ಇಲಿಯನ್ನು ತಡೆಯಲು ನಾನು ಮೊದಲು ಬೋನನ್ನೂ ಬೆಕ್ಕನ್ನೂ ಪ್ರಯತ್ನಿಸಿದ್ದೇನೆ, ಸೋತಿದ್ದೇನೆ, ಮೊಲವನ್ನು ತಡೆಯಲು ನಾವು ಇನ್ನೂ ಏನನ್ನೂ ಸರಿಯಾಗಿ ಪ್ರಯತ್ನಿಸಿಲ್ಲ. ಕೊಲ್ಲುವುದು ಕೊನೆಯ ದಾರಿಯಾಗಿದ್ದಾಗ ಅದರ ಪಾಪವನ್ನು ಹೊತ್ತುಕೊಳ್ಳಬಹುದು, ಮೊದಲ ದಾರಿಯಾಗಿದ್ದಾಗ ಹೇಗೆ ಹೊರುವುದು? ಈ ಉತ್ತರ ಇಲಿಯ ಮಟ್ಟಿಗೆ ಪೂರ್ತಿ ಸಮಾಧಾನಕರವಲ್ಲವೆಂದು ನನಗೂ ಗೊತ್ತು. ಷಡ್ಡಕರಿಗೂ ಅದು ಒಪ್ಪಿಗೆಯಾಗಲಿಲ್ಲ. ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಆಸಾಮಿ ಇವನು’ ಎಂದು ಎದ್ದುಹೋದರು. ಗಾದೆ ಸಂದರ್ಭಕ್ಕೆ ಚೆನ್ನಾಗಿಯೇ ಒದಗಿತು.

ಪ್ರಯತ್ನಿಸಬಹುದಾದದ್ದು ಏನೆಂದು ಹೇಳದೆ ಬರೀ ಬೇಡವೆನ್ನುವುದು ಸುಲಭ. ಮೊಲದ ಕಾಟ ವರ್ಷವಿಡೀ ಇರುವಂಥದ್ದಲ್ಲ. ಕಡಲೆಕಾಯಿ ಮೊಳೆತ ದಿನದಿಂದ ಇಪ್ಪತ್ತು ಇಪ್ಪತ್ತೈದು ದಿನ, ಎಂದರೆ ಸಸಿ ದಪ್ಪವಾಗಿ ಹೂ ಕಟ್ಟುವ ತನಕ ಮಾತ್ರ ಅದು ಹಾನಿ ಮಾಡುತ್ತದೆ. ಆಮೇಲೆ ಮೇದರೂ ಗಿಡ ಚಿಗುರಿಕೊಳ್ಳುತ್ತದೆ. ಹಾನಿಯಾಗುವುದೂ ಹೊಲದ ನಡುವೆ ಕಡಿಮೆ, ಕುರುಚಲಿಗೆ ಹೊಂದಿಕೊಂಡ ಬದುವಿನ ಆರೇಳು ಸಾಲುಗಳಲ್ಲಿ ಹೆಚ್ಚು. ಮೊಲ ಹಂದಿಯಲ್ಲ, ಬೇಲಿಯನ್ನು ತಳ್ಳಿಕೊಂ‍ಡು ಬರುವುದಿಲ್ಲ; ತಗ್ಗಿನಲ್ಲಿ ಸಂದು ಸಿಕ್ಕಿದರೆ ನುಸುಳುತ್ತದೆ, ಸಿಗದಿದ್ದರೆ ಬದುವಿನುದ್ದಕ್ಕೂ ಓಡಾಡಿ ಬೇರೆ ಕಡೆ ಹೋಗುತ್ತದೆ. ಆದ್ದರಿಂದ ಎರಡೂವರೆ ಅಡಿ ಎತ್ತರದ ಕೋಳಿ ಜಾಲರಿಯನ್ನು, ಅದರ ಕೆಳಗಿನ ಒಂದು ಗೇಣನ್ನು ಹೊರಮುಖವಾಗಿ ಮಡಚಿ ಮಣ್ಣು ಮುಚ್ಚಿ, ಆ ಒಂದು ಬದುವಿಗೆ ಮಾತ್ರ ಕಟ್ಟಿದರೂ ಬಹುಪಾಲು ನಷ್ಟ ತಪ್ಪುತ್ತದೆ. ಜಾಲರಿಗೆ ಹಣವಿಲ್ಲದವರು ಹಂದಿಯನ್ನು ತಡೆಯಲು ಹೊಲದ ಸುತ್ತ ಕಟ್ಟುವ ಹಳೆಯ ಸೀರೆಗಳನ್ನೇ ನೆಲಕ್ಕೆ ತಾಗುವಂತೆ ಕಟ್ಟಿ, ಅಂಚಿನ ಮೇಲೆ ಕಲ್ಲು ಹೇರಬೇಕು. ನಮ್ಮವರು ಸೀರೆಯನ್ನು ಸೊಂಟದೆತ್ತರಕ್ಕೆ ಕಟ್ಟಿ ಕೆಳಗೆ ಒಂದು ಅಡಿ ಬಿಡುತ್ತಾರೆ, ಅದರಡಿಯಲ್ಲಿ ಮೊಲ ರಾಜಮಾರ್ಗದಲ್ಲಿ ಬಂದಂತೆ ಬರುತ್ತದೆ. ಬದುವಿನ ಆಚೆ ಹತ್ತು ಅಡಿ ಹುಲ್ಲು ಕೊಯ್ದು ಬಯಲು ಮಾಡಿದರೂ, ಮರೆಯಿಲ್ಲದ ಜಾಗವನ್ನು ದಾಟಲು ಅದು ಹಿಂಜರಿಯುತ್ತದೆ.

ಇದರ ಜೊತೆಗೆ ನರಿಯ ವಿಷಯ. ಅದೃಷ್ಟ ತರುತ್ತದೆಂದು ನಂಬಿರುವ, ಇಲ್ಲದ ‘ನರಿ ಕೊಂಬಿ’ನ ಆಸೆಗೆ ನರಿಗಳನ್ನು ಕೊಲ್ಲಿಸುವ ಜನರೇ, ಬೆಳಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟವೆನ್ನುವ ನಾವೇ, ಮೊಲ ಹೆಚ್ಚಾಯಿತೆಂದು ದೂರುತ್ತಿದ್ದೇವೆ. ನಮ್ಮ ಊರಿನ ಗುಡ್ಡದಲ್ಲಿ ನರಿ ಊಳಿಟ್ಟದ್ದನ್ನು ಕೇಳಿ ನನಗೆ ವರ್ಷಗಳೇ ಆದವು. ಮೊಲಕ್ಕೆಂದು ಬೇಲಿಯ ಸಂದಿನಲ್ಲಿ ಹಾಕುವ ತಂತಿಯ ಉರುಳು ಮೊಲವನ್ನೇ ಕಾಯುತ್ತ ಕೂತಿರುವುದಿಲ್ಲ. ಅದಕ್ಕೆ ನರಿ, ಕಾಡುಬೆಕ್ಕು, ಒಮ್ಮೊಮ್ಮೆ ಚಿರತೆ ಕೂಡ ಸಿಗುತ್ತದೆ. ಮೊಲವನ್ನು ತಿನ್ನುವವರನ್ನೆಲ್ಲ ಮುಗಿಸಿ ಆಮೇಲೆ ಮೊಲಕ್ಕೆ ಕೋವಿ ಕೇಳುವುದರಲ್ಲಿ ಒಂದು ಬಗೆಯ ಹುಚ್ಚಿದೆ.

ನಮ್ಮದು ವನ್ಯಜೀವಿಗಳೊಂದಿಗೆ ಬದುಕಲು ಗೊತ್ತಿಲ್ಲದ ತಾಲ್ಲೂಕೂ ಅಲ್ಲ. ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ಅಭಯಾರಣ್ಯವಾಯಿತು. ಕೃಷ್ಣಮೃಗ ಪೈರು ಮೇಯುವುದಿಲ್ಲವೆಂದಲ್ಲ. ಮೇಯುತ್ತದೆ, ಆ ಸುತ್ತಿನ ರೈತರು ಶತಮಾನಗಳಿಂದ ಗೊಣಗುತ್ತಲೇ ಅದನ್ನು ತಾಳಿಕೊಂಡು ಬಂದಿದ್ದಾರೆ. ನಮ್ಮ ಬಯಲುಸೀಮೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಯ ಪಾರುವೇಟೆಗೆ ಹಿಡಿದ ಮೊಲವನ್ನು ದೇವರ ಮುಂದೆ ಪೂಜಿಸಿ ಬಿಟ್ಟುಬಿಡುವ ರೂಢಿಯೂ ಇದೆ. ಹಿಡಿಯುವುದಕ್ಕೂ ಕಾನೂನಿನ ಒಪ್ಪಿಗೆ ಇಲ್ಲವಾದ್ದರಿಂದ ಅದನ್ನು ನಾನು ಮಾದರಿಯಾಗಿ ಎತ್ತಿಹಿಡಿಯುತ್ತಿಲ್ಲ. ಹಿಡಿದದ್ದನ್ನು ಬಿಡುವುದು ನಮಗೆ ಹೊರಗಿನವರು ಕಲಿಸಬೇಕಾದ ಪಾಠವಲ್ಲವೆಂದು ಮಾತ್ರ ನೆನಪಿಸುತ್ತಿದ್ದೇನೆ.

ತಮ್ಮಲ್ಲಿ ನಾನು ಕೇಳಿಕೊಳ್ಳುವುದು ಮನವಿಯನ್ನು ತಿರಸ್ಕರಿಸಿ ಕಡತ ಮುಚ್ಚಿಬಿಡಿ ಎಂದಲ್ಲ. ಹಾಗೆ ಮಾಡಿದರೆ ನಮ್ಮವರಿಗೆ ಅನುಮತಿಯೂ ಸಿಗದು, ಸಹಾಯವೂ ಸಿಗದು. ಕೋವಿ ಮಾತ್ರ ರಾತ್ರಿ ತನ್ನ ಪಾಡಿಗೆ ತಾನು ಹೊರಡುತ್ತದೆ. ಮೊಲ ಕಡಿದ ಸಸಿಗೆ ಪರಿಹಾರ ಕೇಳಿ ಅರ್ಜಿ ಹಾಕಿದ ರೈತನನ್ನು ನಾನು ಈವರೆಗೆ ಕಂಡಿಲ್ಲ; ಅದಕ್ಕೆ ಪರಿಹಾರ ಉಂಟೋ ಇಲ್ಲವೋ, ಉಂಟಾದರೆ ಯಾವ ದಾಖಲೆ ಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆಸಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸಿ. ಕೃಷಿ ಇಲಾಖೆಯೊಡನೆ ಮಾತನಾಡಿ, ಗೋಮಾಳಕ್ಕೆ ತಾಗಿದ ಬದುವುಗಳಿಗೆ ಮಾತ್ರವಾದರೂ ಜಾಲರಿಗೆ ಸಹಾಯಧನ ದೊರೆಯುವಂತೆ ಮಾಡಿ. ಬಿತ್ತನೆಯ ಮೂರು ವಾರ ಅರಣ್ಯ ರಕ್ಷಕರು ರಾತ್ರಿ ಒಂದು ಸುತ್ತು ಹಾಕಿದರೆ, ಹೆಡ್‌ಲೈಟ್ ಕಟ್ಟಿಕೊಂಡು ತಿರುಗುವ ಹುಡುಗರು ತಾವಾಗಿಯೇ ಮನೆ ಸೇರುತ್ತಾರೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಕೇಳುವವರಿಲ್ಲದವರು.

ಮನವಿಗೆ ಸಹಿ ಹಾಕಿದ ಅಣ್ಣತಮ್ಮಂದಿರಿಗೆ ನನ್ನ ಕಡೆಯಿಂದ ಒಂದು ಪ್ರಸ್ತಾಪವಿದೆ. ಈ ಮುಂಗಾರಿನಲ್ಲಿ ನನ್ನ ಪಡುವಣ ಬದುವಿನ ಅರ್ಧಕ್ಕೆ ಮೇಲೆ ಹೇಳಿದಂತೆ ಜಾಲರಿ ಕಟ್ಟುತ್ತೇನೆ, ಉಳಿದ ಅರ್ಧವನ್ನು ಹಾಗೇ ಬಿಡುತ್ತೇನೆ. ಎರಡೂ ಕಡೆ ಒಂದೇ ಬೀಜ, ಒಂದೇ ದಿನದ ಬಿತ್ತನೆ. ಮೊಳೆತ ಇಪ್ಪತ್ತೈದನೆಯ ದಿನ ಯಾರು ಬೇಕಾದರೂ ಬಂದು ಎರಡು ಕಡೆಯ ಮೊದಲ ಆರು ಸಾಲುಗಳ ಸಸಿಗಳನ್ನು ಎಣಿಸಬಹುದು. ಷಡ್ಡಕರು ಎಣಿಸಲಿ, ಅವರ ಎಣಿಕೆಯನ್ನೇ ನಾನು ಒಪ್ಪುತ್ತೇನೆ. ಜಾಲರಿ ಸೋತಿತೆಂದು ಕಂಡುಬಂದರೆ ಆ ಸಂಖ್ಯೆಯನ್ನು ಇದೇ ರೀತಿ ಬಹಿರಂಗವಾಗಿ ಬರೆದು ತಮ್ಮ ಕಚೇರಿಗೆ ಕಳುಹಿಸುತ್ತೇನೆ. ಅಲ್ಲಿಯವರೆಗೆ ಮನವಿಯನ್ನು ತಡೆಹಿಡಿಯಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಡಲೆಕಾಯಿ ಬೆಳೆಗಾರನೊಬ್ಬ
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ